ಸಮವಸ್ತ್ರ ಒಂದೇ, ಮುಪ್ಪಿನ ಲೆಕ್ಕ ಹಲವು

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಬೇಗೂರಿನಿಂದ ತಂದಿಟ್ಟ ದೊಡ್ಡ ವೀರಗಲ್ಲೊಂದಿದೆ. ಒಂಬತ್ತನೇ ಶತಮಾನದ ಕೊನೆಯ ಹೊತ್ತಿನದು. ಗಂಗರ ಎರೆಯಪ್ಪನ ಪರವಾಗಿ ಕಾದಿ ಮಡಿದ ನಾಗತ್ತರನ ಕಥೆ ಅದರಲ್ಲಿದೆ. ಕಾಳಗದ ಮಾತು ಮುಗಿದ ಕೂಡಲೇ ಶಾಸನ ಕೊಡುಗೆಯ ವಿಷಯಕ್ಕೆ ಬರುತ್ತದೆ: ನಾಗತ್ತರನ ಪಟ್ಟ ಇರುಗನಿಗೆ, ಜೊತೆಗೆ ಬೇಗೂರು ಸೀಮೆಯ ಹನ್ನೆರಡು ಹಳ್ಳಿಗಳು ಕಲ್ನಾಡಾಗಿ. ಕರ್ನಾಟಕದ ಉದ್ದಗಲಕ್ಕೂ ಇಂಥ ಕಲ್ಲುಗಳಿವೆ. ಮಡಿದವನ ಮನೆಯವರಿಗೆ ಗದ್ದೆ, ಹೊಲ ಬಿಟ್ಟುಕೊಟ್ಟ ನೆತ್ತರುಗೊಡಗೆಯ ದಾಖಲೆಗಳು ಅವುಗಳಲ್ಲಿ ಮತ್ತೆ ಮತ್ತೆ ಸಿಗುತ್ತವೆ. ಪ್ರಾಣ ಕೊಟ್ಟವನ ಸಂಸಾರವನ್ನು ಆಳುವವರು ನೋಡಿಕೊಳ್ಳಬೇಕು ಎಂಬ ಕಟ್ಟುಪಾಡು ಈ ನಾಡಿಗೆ ಹೊಸದಲ್ಲ.

ಇಂದಿನ ಪಿಂಚಣಿ ನಿಯಮಗಳಲ್ಲೂ ಆ ಕಟ್ಟುಪಾಡು ಉಳಿದಿದೆ. 2019ರ ಫೆಬ್ರುವರಿ 14ರಂದು ಪುಲ್ವಾಮಾದಲ್ಲಿ ಸಿಆರ್‌ಪಿಎಫ್‌ನ 40 ಮಂದಿ ಹತರಾದರು. ಅವರಲ್ಲಿ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಗುಡಿಗೆರೆಯ ಯೋಧರೂ ಒಬ್ಬರು. ಇಂಥ ಸಾವಿನಲ್ಲಿ ಕುಟುಂಬಕ್ಕೆ ಸಿಗುವ ಪಿಂಚಣಿ ಮೃತರ ಕೊನೆಯ ಮೂಲವೇತನದಷ್ಟೇ ಇರುತ್ತದೆ, ತುಟ್ಟಿಭತ್ಯೆ ಬೇರೆ. ನೌಕರ 2004ರ ನಂತರ ಸೇರಿದ್ದರೂ, ಅಂದರೆ ಹೊಸ ಪಿಂಚಣಿ ಪದ್ಧತಿಯಲ್ಲಿ ಇದ್ದರೂ, ಕರ್ತವ್ಯದಲ್ಲಿ ಸತ್ತರೆ ಅಥವಾ ಅಂಗವಿಕಲನಾದರೆ ಹಳೆಯ ನಿಯಮದ ಸೌಲಭ್ಯವನ್ನೇ ಕೊಡಬೇಕೆಂದು ಕೇಂದ್ರ ಸರ್ಕಾರ 2009ರಲ್ಲಿ ಆದೇಶ ಹೊರಡಿಸಿತು.

ಈಗ ಅದೇ ಪಡೆಯಲ್ಲಿ ದುಡಿದು ಜೀವಂತ ಮರಳುವ ಜವಾನನ ಲೆಕ್ಕ ನೋಡಬೇಕು. ಛತ್ತೀಸಗಡದ ಕಾಡು, ಕಾಶ್ಮೀರದ ಹೆದ್ದಾರಿ, ಈಶಾನ್ಯದ ಕ್ಯಾಂಪುಗಳನ್ನೆಲ್ಲ ದಾಟಿ 60ಕ್ಕೆ ಊರಿಗೆ ಬರುವ ಅವನು 2004ರ ಜನವರಿ 1ರ ನಂತರ ಸೇರಿದವನಾಗಿದ್ದರೆ, ‘ತಿಂಗಳಿಗೆ ಇಷ್ಟು’ ಎಂಬ ಖಾತರಿ ಬಹಳ ವರ್ಷ ಅವನಿಗೆ ಇರಲೇ ಇಲ್ಲ. ಸತ್ತರೆ ಸರ್ಕಾರ ಮಾತು ಕೊಡುತ್ತದೆ, ಬದುಕಿದರೆ ಶೇರುಪೇಟೆಯ ಕಡೆ ಕೈ ತೋರಿಸುತ್ತದೆ. ಸಮವಸ್ತ್ರದ ಪಿಂಚಣಿಯ ಚರ್ಚೆಯಲ್ಲಿ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇಲ್ಲಿದೆ.

ಸೈನಿಕನ ಲೆಕ್ಕ ಬೇರೆ. 2022ರ ಅಗ್ನಿಪಥ ಯೋಜನೆಗಿಂತ ಮೊದಲು 19ನೇ ವಯಸ್ಸಿಗೆ ಸೇನೆ ಸೇರಿದ ಸಿಪಾಯಿಯೊಬ್ಬನಿಗೆ ಬಡ್ತಿ ಸಿಗದಿದ್ದರೆ 17 ವರ್ಷಕ್ಕೆ ಸೇವೆ ಮುಗಿಯುತ್ತದೆ. ಆಗ ಅವನ ವಯಸ್ಸು 36. ಹವಾಲ್ದಾರನಾದರೆ 24 ವರ್ಷ, ಸುಬೇದಾರನಾದರೆ 28 ವರ್ಷ. ಜತೆಗೆ ಓದಿದವರು ಮನೆ ಸಾಲಕ್ಕೆ ಅರ್ಜಿ ಹಾಕುವ ವಯಸ್ಸಿನಲ್ಲಿ ಇವನು ‘ರಿಟೈರ್ಡ್ ಮಿಲಿಟರಿ’. ಮಕ್ಕಳು ಇನ್ನೂ ಪ್ರಾಥಮಿಕ ಶಾಲೆಯಲ್ಲಿರುತ್ತಾರೆ. ಬೆಳಗಾವಿ, ಧಾರವಾಡ, ಗದಗ, ಕೊಡಗು ಕಡೆಯ ಬ್ಯಾಂಕುಗಳ ಬಾಗಿಲಲ್ಲಿ ಬಂದೂಕು ಹಿಡಿದು ನಿಂತವರನ್ನು ಮಾತಾಡಿಸಿದರೆ ಈ ಕಥೆಯೇ ಸಿಗುತ್ತದೆ. ಸೇನೆಗೆ ಎಳೆಯ ದೇಹ ಬೇಕು. ಸಿಯಾಚಿನ್‌ನಲ್ಲಿ ಐವತ್ತರ ಸಿಪಾಯಿಯನ್ನು ನಿಲ್ಲಿಸಲು ಆಗುವುದಿಲ್ಲ. ದೇಶದ ಅಗತ್ಯಕ್ಕಾಗಿ ಒಬ್ಬನ ದುಡಿಮೆಯ ಆಯುಷ್ಯವನ್ನು ಅರ್ಧಕ್ಕೇ ಕಡಿದಾಗ ಉಳಿದರ್ಧಕ್ಕೆ ದಾರಿ ತೋರಿಸುವುದು ನ್ಯಾಯ. ಸೇನಾ ಪಿಂಚಣಿ ನಿಂತಿರುವುದು ಈ ತರ್ಕದ ಮೇಲೆ.

ಕನಿಷ್ಠ 15 ವರ್ಷ ಸೇವೆ ಸಲ್ಲಿಸಿದ ಜವಾನನಿಗೆ, 20 ವರ್ಷ ಮುಗಿಸಿದ ಅಧಿಕಾರಿಗೆ ಕೊನೆಯ ವೇತನದ ಅರ್ಧದಷ್ಟು ಪಿಂಚಣಿ. ಮೂಲವೇತನದ ಜೊತೆ ಸೇನಾ ಸೇವಾ ವೇತನವೂ ಈ ಲೆಕ್ಕಕ್ಕೆ ಬರುತ್ತದೆ. ಏಳನೇ ವೇತನ ಆಯೋಗದ ನಂತರ ಜವಾನರಿಗೆ ಈ ಸೇವಾ ವೇತನ ತಿಂಗಳಿಗೆ 5,200 ರೂಪಾಯಿ. ನಿವೃತ್ತಿಯ ಹೊತ್ತಿಗೆ ಮೂಲವೇತನ 36,000 ಇತ್ತೆಂದುಕೊಂಡರೆ ಒಟ್ಟು 41,200, ಪಿಂಚಣಿ 20,600. ಅದರ ಮೇಲೆ ವರ್ಷಕ್ಕೆರಡು ಸಲ ಪರಿಷ್ಕರಣೆಯಾಗುವ ತುಟ್ಟಿಪರಿಹಾರ. ಮನೆ ಕಟ್ಟಲು, ತಂಗಿಯ ಮದುವೆಗೆ, ಬೋರ್‌ವೆಲ್ ಕೊರೆಸಲು ದುಡ್ಡು ಬೇಕೆಂದು ಹೆಚ್ಚಿನವರು ಪಿಂಚಣಿಯ ಅರ್ಧದವರೆಗೆ ಕಮ್ಯುಟೇಶನ್ ಮಾಡಿಸಿ ಇಡುಗಂಟು ಪಡೆಯುತ್ತಾರೆ. ಆ ಭಾಗ 15 ವರ್ಷ ಕಡಿತವಾಗುತ್ತದೆ. 36ಕ್ಕೆ ಮನೆಗೆ ಬಂದವನಿಗೆ ಪೂರ್ತಿ ಪಿಂಚಣಿ ಮತ್ತೆ ಕೈಗೆ ಬರುವುದು 51ಕ್ಕೆ, ಮಕ್ಕಳ ಓದಿನ ಖರ್ಚಿನ ಕಾಲವೆಲ್ಲ ಹೆಚ್ಚುಕಡಿಮೆ ಕಳೆದ ಮೇಲೆ.

ಈ ಹಕ್ಕು ಸುಮ್ಮನೆ ಬಂದದ್ದಲ್ಲ. ಪಿಂಚಣಿ ಎಂದರೆ ಸರ್ಕಾರ ಕರುಣೆಯಿಂದ ಕೊಡುವ ದಾನ ಎಂಬ ಭಾವನೆ ಸ್ವಾತಂತ್ರ್ಯಾನಂತರವೂ ಬಹುಕಾಲ ಇತ್ತು. 1979ರಲ್ಲಿ ಕೇಂದ್ರ ಸರ್ಕಾರ ಪಿಂಚಣಿಯ ಸೂತ್ರವನ್ನು ಉದಾರಗೊಳಿಸಿ, ಆ ವರ್ಷದ ಮಾರ್ಚ್ 31ರ ನಂತರ ನಿವೃತ್ತರಾದವರಿಗೆ ಮಾತ್ರ ಅದನ್ನು ಅನ್ವಯಿಸಿತು. ರಕ್ಷಣಾ ಪಡೆಗಳಿಗೂ ಅಂಥದೇ ಗೆರೆ ಎಳೆಯಿತು. 1972ರಲ್ಲೇ ನಿವೃತ್ತರಾಗಿದ್ದ ಡಿ.ಎಸ್. ನಾಕರಾ ಎಂಬ ಅಧಿಕಾರಿ, ಸೇನೆಯಿಂದ ನಿವೃತ್ತರಾದ ಮತ್ತೊಬ್ಬರು ಮತ್ತು ‘ಕಾಮನ್ ಕಾಸ್’ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋದರು. 1982ರ ಡಿಸೆಂಬರ್ 17ರಂದು ಸಂವಿಧಾನ ಪೀಠ ಕೊಟ್ಟ ತೀರ್ಪು ಪಿಂಚಣಿ ಭಿಕ್ಷೆಯಲ್ಲ, ಸಲ್ಲಿಸಿದ ಸೇವೆಗೆ ಬರಬೇಕಾದ ಸಂದಾಯ ಎಂದು ಸಾರಿತು. ಒಂದೇ ಬಗೆಯ ಪಿಂಚಣಿದಾರರನ್ನು ಬರೀ ತಾರೀಖಿನ ಬಲದಿಂದ ಎರಡಾಗಿ ಸೀಳಬಾರದೆಂದೂ ಹೇಳಿತು. ಡಿಸೆಂಬರ್ 17 ಇಂದಿಗೂ ಪಿಂಚಣಿದಾರರ ದಿನ.

ಸೈನಿಕರ ಮಟ್ಟಿಗೆ ಆ ತೀರ್ಪಿನ ಆಶಯ ಕೈಗೆಟುಕಲು ಇನ್ನೂ ಮೂರು ದಶಕ ಬೇಕಾಯಿತು. ವೇತನ ಆಯೋಗ ಬಂದಾಗಲೆಲ್ಲ ಹೊಸದಾಗಿ ನಿವೃತ್ತನಾದವನಿಗೂ ಹಳಬನಿಗೂ ನಡುವಿನ ಅಂತರ ಹಿಗ್ಗುತ್ತಿತ್ತು. ಒಂದೇ ರ‍್ಯಾಂಕು, ಒಂದೇ ಸೇವಾವಧಿ, ಆದರೆ 1985ರಲ್ಲಿ ಹೊರಬಂದವನಿಗೆ ಕಡಿಮೆ, 2010ರಲ್ಲಿ ಹೊರಬಂದವನಿಗೆ ಹೆಚ್ಚು. 60ಕ್ಕೆ ನಿವೃತ್ತನಾಗುವ ಗುಮಾಸ್ತನಿಗೆ ಈ ಅಂತರ ಒಂದೆರಡು ಆಯೋಗಗಳಷ್ಟು ಕಾಲ ತಟ್ಟಿದರೆ 36ಕ್ಕೆ ಬಂದ ಸಿಪಾಯಿಗೆ ನಾಲ್ಕೈದು ಆಯೋಗಗಳಷ್ಟು ಕಾಲ ತಟ್ಟುತ್ತದೆ. ಬೇಗ ಮನೆಗೆ ಕಳಿಸಿದ್ದೇ ಅವನಿಗೆ ಎರಡನೇ ಶಿಕ್ಷೆಯಾಗುತ್ತಿತ್ತು. ಮಾಜಿ ಸೈನಿಕರು ಒಂದಾಗಿ ನಿಲ್ಲುವ ಪರಂಪರೆಯಲ್ಲಿ ಕೊಡಗಿನ ಕೆ.ಎಂ. ಕಾರ್ಯಪ್ಪನವರ ಪಾಲು ದೊಡ್ಡದು. 1953ರಲ್ಲಿ ನಿವೃತ್ತರಾದ ಮೇಲೆ ಅವರು 1964ರಲ್ಲಿ ಇಂಡಿಯನ್ ಎಕ್ಸ್-ಸರ್ವೀಸಸ್ ಲೀಗ್ ಕಟ್ಟಿದರು. ‘ಸಮಾನ ಹುದ್ದೆ, ಸಮಾನ ಪಿಂಚಣಿ’ಯ ಕೂಗು 2011ರಲ್ಲಿ ಭಗತ್ ಸಿಂಗ್ ಕೋಶ್ಯಾರಿ ನೇತೃತ್ವದ ರಾಜ್ಯಸಭಾ ಸಮಿತಿಯ ಶಿಫಾರಸು ಪಡೆಯಿತು. 2015ರ ಜೂನ್‌ನಲ್ಲಿ ಪದಕ ಧರಿಸಿದ ಹಿರಿಯರು ಜಂತರ್ ಮಂತರ್‌ನಲ್ಲಿ ಕೂತರು. ಅದೇ ವರ್ಷ ಸೆಪ್ಟೆಂಬರ್ 5ರಂದು ರಕ್ಷಣಾ ಸಚಿವ ಮನೋಹರ್ ಪರಿಕ್ಕರ್ ಯೋಜನೆಯನ್ನು ಘೋಷಿಸಿದರು.

2014ರ ಜುಲೈ 1ರಿಂದ ಲೆಕ್ಕ, ಐದು ವರ್ಷಕ್ಕೊಮ್ಮೆ ಸರಿದೂಗಿಸುವಿಕೆ. ಈ ಐದು ವರ್ಷದ ಅಂತರವೇ ಸಮಾನತೆಯನ್ನು ಮುರಿಯುತ್ತದೆ, ಪ್ರತಿ ವರ್ಷ ಸರಿಪಡಿಸಬೇಕು ಎಂದು ಮಾಜಿ ಸೈನಿಕರ ಸಂಘಟನೆ ವಾದಿಸಿತು. 2022ರ ಮಾರ್ಚ್ 16ರಂದು ಸುಪ್ರೀಂ ಕೋರ್ಟ್ ಸರ್ಕಾರದ ನೀತಿಯನ್ನೇ ಎತ್ತಿಹಿಡಿಯಿತು. 2019 ಮತ್ತು 2024ರ ಪರಿಷ್ಕರಣೆಗಳು ಆ ಲೆಕ್ಕದಂತೆ ನಡೆದಿವೆ. ಕೊರತೆಗಳಿದ್ದರೂ ಸೈನಿಕನಿಗೆ ಹಕ್ಕು ಕೇಳುವ ದನಿಯಿತ್ತು, ಕೇಳುವ ಕಿವಿಗಳೂ ಇದ್ದವು.

ಆ ದನಿ ಗಡಿ ಭದ್ರತಾ ಪಡೆಯವರಿಗೆ ಇಲ್ಲ. 2003ರ ಡಿಸೆಂಬರ್ 22ರ ಅಧಿಸೂಚನೆ ಸಶಸ್ತ್ರ ಪಡೆಗಳನ್ನು ಬಿಟ್ಟು ಉಳಿದ ಎಲ್ಲ ಹೊಸ ಕೇಂದ್ರ ನೌಕರರನ್ನು ಹೊಸ ಪಿಂಚಣಿ ಪದ್ಧತಿಯಾದ ಎನ್‌ಪಿಎಸ್‌ಗೆ ಸೇರಿಸಿತು. ಬಿಎಸ್‌ಎಫ್, ಸಿಆರ್‌ಪಿಎಫ್, ಐಟಿಬಿಪಿ, ಎಸ್‌ಎಸ್‌ಬಿ, ಸಿಐಎಸ್‌ಎಫ್‌ನವರು ಗೃಹ ಸಚಿವಾಲಯದ ಅಡಿ ಬರುವುದರಿಂದ ಕಚೇರಿ ಗುಮಾಸ್ತರ ಸಾಲಿಗೆ ಬಿದ್ದರು. ವಿಚಿತ್ರವೆಂದರೆ ಬಿಎಸ್‌ಎಫ್, ಸಿಆರ್‌ಪಿಎಫ್ ಎರಡರ ಕಾಯ್ದೆಗಳೂ ಅವುಗಳನ್ನು ‘ಸಶಸ್ತ್ರ ಪಡೆ’ ಎಂದೇ ಕರೆಯುತ್ತವೆ. 2023ರ ಜನವರಿ 11ರಂದು ದೆಹಲಿ ಹೈಕೋರ್ಟ್ ಇದೇ ಮಾತನ್ನು ಎತ್ತಿ, ಈ ಪಡೆಗಳಿಗೂ ಹಳೆಯ ಪಿಂಚಣಿ ಸಲ್ಲಬೇಕು ಎಂದು ತೀರ್ಪು ಕೊಟ್ಟಿತು. ಕೇಂದ್ರ ಸುಪ್ರೀಂ ಕೋರ್ಟಿಗೆ ಹೋಗಿ ತಡೆ ತಂದಿತು. ಶಿಸ್ತಿನ ವಿಷಯಕ್ಕೆ ಸಶಸ್ತ್ರ ಪಡೆ, ಪಿಂಚಣಿಯ ವಿಷಯಕ್ಕೆ ನಾಗರಿಕ ನೌಕರ ಎಂಬ ಈ ಎರಡು ಮಾತನ್ನು ಯಾವ ನ್ಯಾಯದಿಂದಲೂ ಸಮರ್ಥಿಸಲು ಬರುವುದಿಲ್ಲ.

ಕರ್ನಾಟಕದ ಪೊಲೀಸ್ ಠಾಣೆಗೆ ಬಂದರೆ ಗೆರೆ ಬೀಳುವುದು 2006ರ ಏಪ್ರಿಲ್ 1ರಂದು. ಅದಕ್ಕೆ ಮುಂಚೆ ಸೇರಿದ ಹೆಡ್ ಕಾನ್‌ಸ್ಟೆಬಲ್‌ಗೆ ಹಳೆಯ ಪಿಂಚಣಿ, ಆಮೇಲೆ ಬಂದವರಿಗೆ ಎನ್‌ಪಿಎಸ್. ಒಂದೇ ಜೀಪಿನಲ್ಲಿ ರಾತ್ರಿ ಗಸ್ತು ಹೋಗುವ ಇಬ್ಬರ ಮುಪ್ಪು ಬೇರೆ ಬೇರೆ. ಅಗ್ನಿಶಾಮಕ ದಳ, ಅರಣ್ಯ ರಕ್ಷಕರು, ಅಬಕಾರಿ, ಜೈಲು ಸಿಬ್ಬಂದಿಗೂ ಇದೇ ಗೆರೆ.

ಎನ್‌ಪಿಎಸ್ ನಡೆಯುವ ಬಗೆ ಸರಳ. ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ 10ರಷ್ಟು ನೌಕರನ ಸಂಬಳದಿಂದ ಕಡಿತ, ಶೇ 14ರಷ್ಟು ಸರ್ಕಾರದ ವಂತಿಗೆ. ‘ಪ್ರಾನ್’ ಎಂಬ ಹನ್ನೆರಡು ಅಂಕಿಯ ಖಾತೆಗೆ ಜಮೆಯಾದ ಹಣ ಸಾಲಪತ್ರಗಳಲ್ಲಿ, ಸ್ವಲ್ಪ ಭಾಗ ಶೇರುಗಳಲ್ಲಿ ಬೆಳೆಯುತ್ತದೆ. 60ಕ್ಕೆ ಗಂಟಿನ ಶೇ 60ರವರೆಗೆ ಕೈಗೆ ಸಿಗುತ್ತದೆ; ಕನಿಷ್ಠ ಶೇ 40ರಲ್ಲಿ ವಿಮಾ ಕಂಪನಿಯಿಂದ ವರ್ಷಾಶನ ಕೊಳ್ಳಲೇಬೇಕು. ಒಬ್ಬ ಪೇದೆಯ ಖಾತೆಯಲ್ಲಿ 50 ಲಕ್ಷ ಕೂಡಿತು ಎಂದುಕೊಳ್ಳೋಣ. 30 ಲಕ್ಷ ಕೈಗೆ, 20 ಲಕ್ಷ ವರ್ಷಾಶನಕ್ಕೆ. ವರ್ಷಕ್ಕೆ ಶೇ 6ರ ಲೆಕ್ಕದಲ್ಲಿ 1.2 ಲಕ್ಷ, ತಿಂಗಳಿಗೆ 10,000. ಇಂದು 10,000, ಇಪ್ಪತ್ತು ವರ್ಷದ ನಂತರವೂ 10,000. ಅಕ್ಕಿ, ಔಷಧ, ಬಾಡಿಗೆಯ ದರಕ್ಕೂ ಅದಕ್ಕೂ ಸಂಬಂಧವಿಲ್ಲ, ತುಟ್ಟಿಭತ್ಯೆಯಿಲ್ಲ. ಕೈಗೆ ಬಂದ 30 ಲಕ್ಷವನ್ನು ಜಾಣತನದಿಂದ ಹೂಡಿದರೆ ಬದುಕು ಸಾಗುತ್ತದೆ ಎಂದು ವಾದಿಸಬಹುದು. ಮೂವತ್ತೈದು ವರ್ಷ ಬಂದೋಬಸ್ತು, ಕೋರ್ಟು, ಶವಪರೀಕ್ಷೆ ಕೊಠಡಿಯ ಬಾಗಿಲುಗಳಲ್ಲಿ ಕಳೆದವನು 60ಕ್ಕೆ ಹೂಡಿಕೆ ಕಲಿಯಬೇಕು ಎಂಬ ನಿರೀಕ್ಷೆ ಅತಿಯಾಯಿತು.

2022ರ ಡಿಸೆಂಬರ್‌ನಲ್ಲಿ ರಾಜ್ಯದ ಎನ್‌ಪಿಎಸ್ ನೌಕರರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಅನಿರ್ದಿಷ್ಟ ಧರಣಿ ಕೂತರು. ಶಿಕ್ಷಕರು, ಎಫ್‌ಡಿಎಗಳು, ನರ್ಸುಗಳು ಘೋಷಣೆ ಕೂಗಬಹುದು. ಇಂಥ ಧರಣಿಗಳ ಕಾವಲಿಗೆ ನಿಲ್ಲುವ ಯುವ ಕಾನ್‌ಸ್ಟೆಬಲ್‌ಗಳೂ 2006ರ ನಂತರದವರೇ. ಅವರ ಬೇಡಿಕೆಯೂ ಅದೇ. ಆದರೆ ಪೊಲೀಸರ ಹಕ್ಕುಗಳನ್ನು ನಿರ್ಬಂಧಿಸುವ 1966ರ ಕಾಯ್ದೆಯಂತೆ ಅವರು ಅನುಮತಿಯಿಲ್ಲದೆ ಸಂಘ ಸೇರುವಂತಿಲ್ಲ, ಪ್ರತಿಭಟನೆಯಲ್ಲಿ ಮಾತಾಡುವಂತಿಲ್ಲ. 2016ರ ಜೂನ್‌ನಲ್ಲಿ ಸಾಮೂಹಿಕ ರಜೆಯ ಮಾತು ಎತ್ತಿದಾಗ ಎಸ್ಮಾ ಬೆದರಿಕೆ ಬಂತು. ಆಮೇಲೆಯೇ ರಾಘವೇಂದ್ರ ಔರಾದಕರ್ ಸಮಿತಿ ರಚನೆಯಾಗಿ ವೇತನದ ಮಟ್ಟಿಗೆ ಒಂದಿಷ್ಟು ಸುಧಾರಣೆ ಆಯಿತು. ಕೇಳುವ ಹಕ್ಕನ್ನೇ ಕಾನೂನು ಕಿತ್ತುಕೊಂಡ ಮೇಲೆ ಕೇಳದೆಯೇ ಕೊಡುವ ಹೊಣೆ ಸರ್ಕಾರದ್ದು.

ತಾರೀಖಿನ ಗೆರೆ ಎಷ್ಟು ಯಾಂತ್ರಿಕ ಎಂಬುದು 2024ರ ಜನವರಿಯಲ್ಲಿ ತಿಳಿಯಿತು. 2006ರ ಏಪ್ರಿಲ್‌ಗೆ ಮುಂಚೆಯೇ ಅಧಿಸೂಚನೆ ಹೊರಟು, ನೇಮಕಾತಿ ಎಳೆದಾಡಿ, ಆಮೇಲೆ ಕೆಲಸಕ್ಕೆ ಸೇರಿದ ಸುಮಾರು 13,000 ನೌಕರರಿಗೆ ರಾಜ್ಯ ಸರ್ಕಾರ ಹಳೆಯ ಪಿಂಚಣಿ ಕೊಟ್ಟಿತು. ಕಡತ ನಿಧಾನವಾಗಿ ಚಲಿಸಿದ್ದಕ್ಕೆ ಅವರು ಹದಿನೇಳು ವರ್ಷ ಆತಂಕದಲ್ಲಿ ಕಳೆದಿದ್ದರು. ನಿರ್ಧಾರ ತಡವಾದರೂ ಸರಿಯಾದದ್ದು.

ಪ್ರತಿ ವರ್ಷ ಏಪ್ರಿಲ್ 2ರಂದು ಕರ್ನಾಟಕದಲ್ಲಿ ಪೊಲೀಸ್ ಧ್ವಜ ದಿನ. 1965ರಲ್ಲಿ ಅದೇ ದಿನ ಪೊಲೀಸ್ ಕಾಯ್ದೆ ಜಾರಿಗೆ ಬಂದದ್ದರ ನೆನಪಿಗೆ. ಜಿಲ್ಲಾ ಕೇಂದ್ರಗಳ ಕವಾಯತು ಮೈದಾನಗಳಲ್ಲಿ ನಿವೃತ್ತ ಪೊಲೀಸರೊಬ್ಬರು ಮುಖ್ಯ ಅತಿಥಿಯಾಗಿ ಗೌರವ ವಂದನೆ ಸ್ವೀಕರಿಸುತ್ತಾರೆ. ಧ್ವಜ ಮಾರಿದ ಹಣ ಪೊಲೀಸರ, ನಿವೃತ್ತರ ಕಲ್ಯಾಣಕ್ಕೆ ಹೋಗುತ್ತದೆ. ಸೊಗಸಾದ ಸಂಪ್ರದಾಯ. ಆದರೆ ಧ್ವಜದ ಹಣ ಆಸ್ಪತ್ರೆ ಖರ್ಚಿಗೆ ಆಸರೆಯಾದೀತೇ ಹೊರತು ತಿಂಗಳ ಆದಾಯವಾಗದು. 2006ರ ನಂತರ ಸೇರಿದವರು ದೊಡ್ಡ ಸಂಖ್ಯೆಯಲ್ಲಿ ನಿವೃತ್ತರಾಗುವ ವರ್ಷಗಳು ಇನ್ನೂ ಮುಂದಿವೆ. ಅವರ ಸಾಲು ಆ ಮೈದಾನದಲ್ಲಿ ಬಂದು ನಿಂತಾಗ ಕೊರತೆ ಎಲ್ಲರಿಗೂ ಕಾಣುತ್ತದೆ.

ಖರ್ಚಿನ ಮಾತನ್ನು ತಳ್ಳಿಹಾಕುವಂತಿಲ್ಲ. 2025-26ರ ಕೇಂದ್ರ ಬಜೆಟ್ಟಿನಲ್ಲಿ ರಕ್ಷಣೆಗೆ ಮೀಸಲಿಟ್ಟದ್ದು ಸುಮಾರು 6.81 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಪಿಂಚಣಿಗೇ 1.60 ಲಕ್ಷ ಕೋಟಿಗೂ ಹೆಚ್ಚು. ವಿಮಾನ, ಹಡಗು, ಫಿರಂಗಿ ಎಲ್ಲ ಸೇರಿದ ಬಂಡವಾಳ ವೆಚ್ಚ 1.80 ಲಕ್ಷ ಕೋಟಿ. ಎರಡರ ನಡುವೆ ಅಂತರ ಕಿರಿದು. 30 ಲಕ್ಷಕ್ಕೂ ಹೆಚ್ಚು ರಕ್ಷಣಾ ಪಿಂಚಣಿದಾರರಿದ್ದಾರೆ, ಅವರಲ್ಲಿ ರಕ್ಷಣಾ ಇಲಾಖೆಯ ನಾಗರಿಕ ನೌಕರರೂ ಸೇರಿದ್ದಾರೆ. ಆಯುಷ್ಯ ಹೆಚ್ಚಿದಂತೆ ಈ ಹೊರೆ ಹೆಚ್ಚುತ್ತದೆ. ರಾಜಸ್ಥಾನ, ಛತ್ತೀಸಗಡ, ಜಾರ್ಖಂಡ್, ಪಂಜಾಬ್, ಹಿಮಾಚಲ ಪ್ರದೇಶಗಳು ಹಳೆಯ ಪಿಂಚಣಿಗೆ ಮರಳುವುದಾಗಿ ಹೇಳಿದಾಗ ಅರ್ಥಶಾಸ್ತ್ರಜ್ಞರು ಕಳವಳಪಟ್ಟದ್ದು ಇದಕ್ಕೇ. ಇಂದು ಸೇರುವವನ ಪಿಂಚಣಿಯನ್ನು ಕಟ್ಟುವವರು ಇನ್ನೂ ಹುಟ್ಟದ ತೆರಿಗೆದಾರರು.

ಆ ಲೆಕ್ಕದಿಂದಲೇ ಹುಟ್ಟಿದ್ದು ಅಗ್ನಿಪಥ ಎಂದು ಟೀಕಾಕಾರರು ಹೇಳುತ್ತಾರೆ. ಪಡೆಯನ್ನು ಎಳೆಯದಾಗಿಸಲು ಎಂದು ಸರ್ಕಾರ. 2022ರ ಜೂನ್ 14ರಂದು ಘೋಷಣೆಯಾದ ಯೋಜನೆಯಂತೆ ಯುವಕರು ‘ಅಗ್ನಿವೀರ’ರಾಗಿ ತರಬೇತಿಯೂ ಸೇರಿ ನಾಲ್ಕು ವರ್ಷ ಸೇವೆ ಸಲ್ಲಿಸುತ್ತಾರೆ. ಮೊದಲ ವರ್ಷ ತಿಂಗಳಿಗೆ 30,000, ನಾಲ್ಕನೇ ವರ್ಷ 40,000. ಅದರ ಶೇ 30 ಸೇವಾನಿಧಿಗೆ ಕಡಿತ, ಅಷ್ಟೇ ಮೊತ್ತ ಸರ್ಕಾರದಿಂದ. ಕೊನೆಗೆ ಬಡ್ಡಿ ಸೇರಿ ಸುಮಾರು 11.71 ಲಕ್ಷ ಇಡುಗಂಟು, ತೆರಿಗೆಯಿಲ್ಲದೆ. ಶೇ 25ರವರೆಗೆ ಮಾತ್ರ ಖಾಯಂ. ಉಳಿದವರಿಗೆ ಪಿಂಚಣಿಯಿಲ್ಲ, ಉಪದಾನವಿಲ್ಲ, ಇಸಿಎಚ್‌ಎಸ್ ಚಿಕಿತ್ಸೆಯಿಲ್ಲ, ಕ್ಯಾಂಟೀನ್ ಕಾರ್ಡಿಲ್ಲ, ಮಾಜಿ ಸೈನಿಕ ಎಂಬ ಸ್ಥಾನಮಾನವೂ ಇಲ್ಲ. ಬೆಳಗಾವಿಯ ಮರಾಠಾ ಲಘು ಪದಾತಿದಳದ ಕೇಂದ್ರದಲ್ಲಿ, ಬೆಂಗಳೂರಿನ ಎಂಇಜಿ ಕೇಂದ್ರದಲ್ಲಿ ಸಾವಿರಾರು ಅಗ್ನಿವೀರರು ತರಬೇತಿ ಪಡೆದಿದ್ದಾರೆ. ಮೊದಲ ತಂಡಗಳ ನಾಲ್ಕು ವರ್ಷ ತುಂಬುವುದು 2026ರ ಕೊನೆಯ ಹೊತ್ತಿಗೆ.

ಅಲ್ಪಾವಧಿಯ ಸೇವೆ ಭಾರತೀಯ ಸೇನೆಗೆ ಹೊಸದಲ್ಲ. ಹಿಂದೆ ಕೆಲವು ವರ್ಷ ಪಡೆಯಲ್ಲಿ ದುಡಿದು, ನಂತರ ಮೀಸಲು ಪಟ್ಟಿಯಲ್ಲಿದ್ದವರಿಗೆ ಎರಡೂ ಸೇರಿ 15 ವರ್ಷವಾದರೆ ರಿಸರ್ವಿಸ್ಟ್ ಪಿಂಚಣಿ ಸಿಗುತ್ತಿತ್ತು. ಮೊತ್ತ ಸಣ್ಣದು, ಆದರೆ ನಂಟು ಕಡಿಯುತ್ತಿರಲಿಲ್ಲ. ಅಗ್ನಿಪಥದಲ್ಲಿ ಆ ಎಳೆಯೂ ಇಲ್ಲ. ಇನ್ನೂ ಗಂಭೀರವಾದದ್ದು ಸಾವಿನ ಪ್ರಶ್ನೆ. ಕರ್ತವ್ಯದಲ್ಲಿ ಮಡಿದ ಅಗ್ನಿವೀರನ ಮನೆಗೆ 48 ಲಕ್ಷದ ವಿಮೆ, 44 ಲಕ್ಷದ ಪರಿಹಾರ, ಉಳಿದ ಅವಧಿಯ ವೇತನ, ಸೇವಾನಿಧಿ ಸೇರಿ ಒಂದು ಕೋಟಿ ದಾಟುವ ಮೊತ್ತ ಬರಬಹುದು. ಆದರೆ ತಿಂಗಳ ಕುಟುಂಬ ಪಿಂಚಣಿಯಿಲ್ಲ. ಪಕ್ಕದಲ್ಲೇ ಬಿದ್ದ ಖಾಯಂ ಸಿಪಾಯಿಯ ತಾಯಿಗೋ ಹೆಂಡತಿಗೋ ಅದು ಉಂಟು. ಹಳ್ಳಿಯ ಮನೆಯಲ್ಲಿ ಇಡುಗಂಟು ಎಷ್ಟು ದಿನ ನಿಲ್ಲುತ್ತದೆ ಎಂಬುದು ಎಲ್ಲರಿಗೂ ಗೊತ್ತು: ಸಾಲಗಾರರು, ನೆಂಟರು, ಪಾಲಿನ ಜಗಳ. ತಿಂಗಳಿಗೊಮ್ಮೆ ವಿಧವೆಯ ಹೆಸರಿಗೇ ಬೀಳುವ ಹಣವನ್ನು ಬೇರೆಯವರು ಅಷ್ಟು ಸುಲಭವಾಗಿ ಕಿತ್ತುಕೊಳ್ಳಲಾರರು. ಕುಟುಂಬ ಪಿಂಚಣಿಯನ್ನು ಇಡುಗಂಟಿನಿಂದ ತುಂಬಲು ಆಗುವುದಿಲ್ಲ. ಅಗ್ನಿವೀರರ ವಿಷಯದಲ್ಲಿ ತಕ್ಷಣ ತಿದ್ದಬೇಕಾದ ಲೋಪ ಇದು.

ಮಧ್ಯದ ದಾರಿಯಾಗಿ ಬಂದದ್ದು ಏಕೀಕೃತ ಪಿಂಚಣಿ ಯೋಜನೆ. ಟಿ.ವಿ. ಸೋಮನಾಥನ್ ಸಮಿತಿಯ ವರದಿಯ ಮೇಲೆ ಕೇಂದ್ರ ಸಂಪುಟ 2024ರ ಆಗಸ್ಟ್ 24ರಂದು ಒಪ್ಪಿದ ಇದು 2025ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 25 ವರ್ಷ ಸೇವೆಯಾಗಿದ್ದರೆ ಕೊನೆಯ ಹನ್ನೆರಡು ತಿಂಗಳ ಸರಾಸರಿ ಮೂಲವೇತನದ ಅರ್ಧ, ಕನಿಷ್ಠ ಹತ್ತು ವರ್ಷಕ್ಕೆ ತಿಂಗಳಿಗೆ 10,000, ನೌಕರ ತೀರಿಕೊಂಡರೆ ಸಂಗಾತಿಗೆ ಅದರ ಶೇ 60, ಮೇಲೆ ಬೆಲೆಯೇರಿಕೆಗೆ ತಕ್ಕ ಪರಿಹಾರ. ಸರ್ಕಾರದ ಪಾಲು ಶೇ 18.5ಕ್ಕೆ ಏರಿದೆ. ಖಾತರಿ ಎಂಬ ಮಾತು ಮರಳಿ ಬಂದದ್ದೇ ದೊಡ್ಡ ಬದಲಾವಣೆ, ಅದನ್ನು ಮನಸಾರೆ ಸ್ವಾಗತಿಸಬೇಕು.

ಆದರೂ ಈ ಯೋಜನೆಯ ಅಳತೆ ಮೇಜಿನ ಮುಂದೆ ಕೂತು 60 ತಲುಪುವವನದ್ದು. ಅರೆಸೇನಾ ಪಡೆಗಳಲ್ಲಿ 20 ವರ್ಷ ಮುಗಿದ ಕೂಡಲೇ ಸ್ವಯಂ ನಿವೃತ್ತಿ ಪಡೆದು ಬರುವವರು ಬಹಳ. ಮೊಣಕಾಲು ಸೋತಿರುತ್ತದೆ, ಬೆಳೆಯುವ ಮಕ್ಕಳನ್ನು ರಜೆಯಲ್ಲಷ್ಟೇ ಕಂಡಿರುತ್ತಾರೆ, ಊರಲ್ಲಿ ತಂದೆತಾಯಿಗೆ ವಯಸ್ಸಾಗಿರುತ್ತದೆ. ಹಳೆಯ ಪದ್ಧತಿಯಲ್ಲಿ ಅಂಥವನಿಗೆ ಮರುದಿನದಿಂದಲೇ ಪಿಂಚಣಿ. ಏಕೀಕೃತ ಯೋಜನೆಯಲ್ಲಿ ಪೂರ್ತಿ ಖಾತರಿಗೆ 25 ವರ್ಷ ಬೇಕು. ಮೊದಲೇ ಹೊರಟರೆ ಸಹಜ ನಿವೃತ್ತಿಯ ವಯಸ್ಸು ಬರುವವರೆಗೆ ಕಾಯಬೇಕು. 42ಕ್ಕೆ ಹೊರಬಂದ ಬಿಎಸ್‌ಎಫ್ ಜವಾನ 60ರವರೆಗೆ ಏನು ಮಾಡಬೇಕು? ಸಮವಸ್ತ್ರದ ನೌಕರರಿಗೆ ಬೇಕಾದ ಲೆಕ್ಕ ದೇಹದ ಸವೆತದ ಲೆಕ್ಕ. ಸಚಿವಾಲಯ ಯಾವುದು, ಸೇರಿದ ತಾರೀಖು ಯಾವುದು ಎಂಬುದಕ್ಕಿಂತ ಕೆಲಸ ಎಷ್ಟು ವಯಸ್ಸಿನವರೆಗೆ ಮಾಡಲು ಸಾಧ್ಯ ಎಂಬುದನ್ನು ಅಳತೆಗೋಲಾಗಿ ಇಟ್ಟುಕೊಂಡರೆ ಸಿಪಾಯಿ, ಸಿಆರ್‌ಪಿಎಫ್ ಜವಾನ, ಅಗ್ನಿಶಾಮಕ, ಕೆಎಸ್‌ಆರ್‌ಪಿ ಪೇದೆ ಎಲ್ಲರೂ ಒಂದೇ ನ್ಯಾಯದೊಳಗೆ ಬರುತ್ತಾರೆ. ಮೊತ್ತಗಳು ಬೇರೆಯಾಗಬಹುದು, ತತ್ವ ಬೇರೆಯಾಗಬಾರದು.

ಈ ಎಲ್ಲ ಚರ್ಚೆಯ ಆಚೆ ಇನ್ನೊಂದು ಖಾಕಿ ನಿಂತಿದೆ. ದಸರಾ ಜಂಬೂಸವಾರಿಯಲ್ಲಿ ಹಗ್ಗ ಹಿಡಿದವರು, ಸಿಗ್ನಲ್‌ನಲ್ಲಿ ಸೀಟಿ ಊದುವವರು, ಮತಗಟ್ಟೆ, ಜಾತ್ರೆ, ಪ್ರವಾಹ ಎಲ್ಲ ಕಡೆ ಕಾಣುವ ಗೃಹರಕ್ಷಕ ದಳದವರು. 1962ರ ರಾಜ್ಯ ಕಾಯ್ದೆಯಡಿ ಅವರು ಸ್ವಯಂಸೇವಕರು. ಡ್ಯೂಟಿ ಹಾಕಿದ ದಿನಕ್ಕೆ ಭತ್ಯೆ, ಹಾಕದ ದಿನಕ್ಕೆ ಏನೂ ಇಲ್ಲ. 2015ರ ಮಾರ್ಚ್‌ನಲ್ಲಿ ಹಿಮಾಚಲ ಪ್ರದೇಶದ ಗೃಹರಕ್ಷಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಖಾಯಂ ಮಾಡಲು ಒಪ್ಪಲಿಲ್ಲ. ಆದರೆ 30 ದಿನದ ಭತ್ಯೆ ಪೊಲೀಸ್ ಪೇದೆಯ ಕನಿಷ್ಠ ವೇತನಕ್ಕೆ ಸಮನಾಗುವಂತೆ ದರ ನಿಗದಿಪಡಿಸಬೇಕೆಂದು ಹೇಳಿತು. ದಿನದ ದರ ಏರಿತು. ಮುಪ್ಪಿನ ಮಾತು ಹಾಗೇ ಉಳಿಯಿತು. ಅವರಿಗೆ ತೆರೆದಿರುವುದು ಜನಸಾಮಾನ್ಯರು ಬ್ಯಾಂಕಿಗೆ ಹೋಗಿ ಸೇರಬಹುದಾದ ಅಟಲ್ ಪಿಂಚಣಿಯಂಥ ಯೋಜನೆ. 40 ವರ್ಷದೊಳಗೆ ಸೇರಿರಬೇಕು, ಕಂತು ತಾವೇ ಕಟ್ಟಬೇಕು, 60ರ ನಂತರ ತಿಂಗಳಿಗೆ ಹೆಚ್ಚೆಂದರೆ 5,000 ರೂಪಾಯಿ. ಅಗ್ನಿವೀರನ ಸೇವಾನಿಧಿಗೆ ಸರ್ಕಾರ ಸರಿಸಮ ವಂತಿಗೆ ಹಾಕಬಹುದಾದರೆ ಗೃಹರಕ್ಷಕರ ಪ್ರತಿ ಡ್ಯೂಟಿಯ ಭತ್ಯೆಗೂ ಒಂದು ಪಾಲು ಸೇರಿಸಿ ಖಾತೆ ತೆರೆಯುವುದು ರಾಜ್ಯಕ್ಕೆ ಅಸಾಧ್ಯವಲ್ಲ. ಅದಕ್ಕೆ ಹೊಸ ಆಯೋಗ ಬೇಕಿಲ್ಲ. ಹಾಜರಿ ಪುಸ್ತಕ ಈಗಾಗಲೇ ಇದೆ, ಭತ್ಯೆ ಬ್ಯಾಂಕ್ ಖಾತೆಗೇ ಹೋಗುತ್ತಿದೆ, ಬೇಕಾದದ್ದು ಮುಂದಿನ ಬಜೆಟ್ಟಿನಲ್ಲಿ ಒಂದು ಲೆಕ್ಕಶೀರ್ಷಿಕೆ.